ಧಾರವಾಡ ಹಿಡಿಯಿತು, ಹುಬ್ಬಳ್ಳಿ ಉಳಿಯಿತು

ಹೋದ ದೀಪಾವಳಿಗೆ ಮಾಳಮಡ್ಡಿಯ ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಎರಡು ಸಾಮಾನು ಕೆಳಗೆ ಬಂದವು. ಒಂದು ನನ್ನ ಸ್ಪೆಕ್ಟ್ರಮ್ ಪ್ಲಸ್ ಕಂಪ್ಯೂಟರ್. ಇನ್ನೊಂದು ಅಪ್ಪನ ಭೀಮಸೇನ ಜೋಶಿ ಕ್ಯಾಸೆಟ್. ನಾನು ಬರೆದ ಮೊದಲ ಕನ್ನಡ ಪ್ರೋಗ್ರಾಂ ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ.

ಕಂಪ್ಯೂಟರ್ ತಂದವರು ಪುಣೆಯಲ್ಲಿದ್ದ ಕಾಕಾ, 1988ರಲ್ಲಿ. ಇಂಗ್ಲೆಂಡಿನಲ್ಲಿ ಕ್ಲೈವ್ ಸಿಂಕ್ಲೇರ್ 1982ರಲ್ಲಿ ಸ್ಪೆಕ್ಟ್ರಮ್ ತಂದ. ಎರಡು ವರ್ಷದ ನಂತರ ಗಟ್ಟಿ ಕೀಗಳ ಪ್ಲಸ್ ಬಂತು. ಅದನ್ನು ನಮ್ಮಲ್ಲಿ ಡೆಸಿಬೆಲ್ಸ್ ಕಂಪನಿ ಲೈಸೆನ್ಸ್ ಮೇಲೆ ಮಾರುತ್ತಿತ್ತು. ಮೆಮೊರಿ 48 ಕೆಬಿ. ಪರದೆ ಅಂದರೆ ಮನೆಯ ಟಿವಿ. ಪ್ರೋಗ್ರಾಮನ್ನು ಶಬ್ದವಾಗಿ ಉಳಿಸಿಡಲು ಟೇಪ್ ರೆಕಾರ್ಡರ್. ಆನ್ ಮಾಡಿದ ಕೂಡಲೇ ಬೇಸಿಕ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಎದುರಿಗೆ ಬರುತ್ತಿತ್ತು. ಪಿ ಒತ್ತಿದರೆ ಪ್ರಿಂಟ್, ಓ ಒತ್ತಿದರೆ ಪೋಕ್ (ಮೆಮೊರಿಗೆ ಸಂಖ್ಯೆ ತುಂಬುವ ಆಜ್ಞೆ), ಒಂದೇ ಕೀಗೆ ಇಡೀ ಪದ. ಧಾರವಾಡದ ಮಳೆಗಾಲದಲ್ಲಿ ಕರೆಂಟ್ ಹೋದರೆ ಅಷ್ಟೂ ಹೋಯಿತು. ಎಷ್ಟು ಸಂಜೆ ಹಾಗೆ ಕತ್ತಲಲ್ಲಿ ಸುಮ್ನೆ ಕೂತಿದ್ದೇನೋ.

ಪರದೆಯ ಮೇಲೆ ಧಾರವಾಡ, ಹುಬ್ಬಳ್ಳಿ ಅಂತ ಕನ್ನಡದಲ್ಲಿ ಬರೆಸಬೇಕು ಅಂತ ನನ್ನ ಆಸೆ. ಅದರಲ್ಲಿ ಕನ್ನಡ ಇರಲಿಲ್ಲ. ಆದರೆ ನಾವೇ ಬರೆದುಕೊಳ್ಳಲು 21 ಖಾಲಿ ಅಕ್ಷರ ಕೊಟ್ಟಿದ್ದರು. ಒಂದೊಂದೂ 8 ಸಾಲು, 8 ಚುಕ್ಕೆಯ ಮನೆ. ಗಣಿತದ ಚೌಕಳಿ ವಹಿಯಲ್ಲಿ ಮನೆ ಗೀಚಿ ಕಪ್ಪು ತುಂಬುತ್ತಿದ್ದೆ. ಪ್ರತಿ ಸಾಲಿಗೆ ಎಡದಿಂದ 128, 64, 32 ಹೀಗೆ ಕೂಡಿಸಿದರೆ ಒಂದು ಸಂಖ್ಯೆ. ನಡುವಿನ ನಾಲ್ಕು ಚುಕ್ಕೆ ತುಂಬಿದ ಸಾಲು ಅಂದರೆ 60. ಅಂಥ ಎಂಟು ಸಂಖ್ಯೆಗಳನ್ನು ಮೆಮೊರಿಗೆ ಪೋಕ್ ಮಾಡಿದರೆ ಒಂದು ಮನೆ ಸಿದ್ಧ.

ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ ಸಾಕು. ನಮ್ಮ 'ಧಾ' ಎಲ್ಲಿ ಹಿಡಿಯಬೇಕು? ಒಂದಕ್ಕೆ ನಾಲ್ಕು ಮನೆ ಬೇಕಾಯಿತು. ಧಾ, ರ, ವಾ, ಡ, ಒಟ್ಟು 16 ಮನೆ. ಧಾರವಾಡ ಆರಾಮಾಗಿ ಕೂತಿತು. ಹುಬ್ಬಳ್ಳಿಗೆ ಬಂದಾಗ ತಲೆ ಕೆಟ್ಟಿತು. 'ಹು'ಗೆ ನಾಲ್ಕು, ಒತ್ತಕ್ಷರ ಕೆಳಗೆ ಇಳಿಯುವುದರಿಂದ 'ಬ್ಬ'ಗೆ ಆರು, 'ಳ್ಳಿ'ಗೆ ಆರು. ಮತ್ತೆ 16. ಇದ್ದದ್ದೇ 21, ಬೇಕಾದದ್ದು 32. ಅವಳಿ ನಗರ ಅಂತ ಎಲ್ಲರೂ ಅಂತಾರೆ, ನನ್ನ ಕಂಪ್ಯೂಟರಿನಲ್ಲಿ ಮಾತ್ರ ಒಂದೇ ಊರಿಗೆ ಜಾಗ!

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಧಾರವಾಡ ಪ್ರಿಂಟ್ ಆದ ಮೇಲೆ ಅದೇ ಮನೆಗಳಿಗೆ ಬೇರೆ ಸಂಖ್ಯೆ ಪೋಕ್ ಮಾಡಿಬಿಟ್ಟೆ. ಪರದೆಯ ಮೇಲಿನ ಧಾರವಾಡ ಅಲುಗಲಿಲ್ಲ! ಸ್ಪೆಕ್ಟ್ರಮ್ ಪರದೆಯಲ್ಲಿ ಅಕ್ಷರದ ನೆನಪು ಇಟ್ಟುಕೊಳ್ಳುವುದಿಲ್ಲ, ಬರೀ ಚುಕ್ಕೆ ಇಟ್ಟುಕೊಳ್ಳುತ್ತದೆ. ಅದಕ್ಕೇ 6144 ಬೈಟ್ ಎತ್ತಿಟ್ಟಿದ್ದಾರೆ. ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಕಮೋಡೋರ್ 64 ಆಗಿದ್ದರೆ, ಅಕ್ಷರದ ಆಕಾರ ಬದಲಿಸಿದ ಕೂಡಲೇ ಪರದೆ ಮೇಲಿನ ಧಾರವಾಡವೂ ಚಿಂದಿಯಾಗುತ್ತಿತ್ತು. ಹಾಗಾಗಿ ಮೊದಲು ಧಾರವಾಡ ಬರೆದು, ಮನೆ ಖಾಲಿ ಮಾಡಿಸಿ, ಅದೇ ಮನೆಯಲ್ಲಿ ಹುಬ್ಬಳ್ಳಿ ತುಂಬಿದೆ.

ಖಾಲಿ ಕ್ಯಾಸೆಟ್ ಇರಲಿಲ್ಲ. ಅಪ್ಪನ ಜೋಶಿ ಕ್ಯಾಸೆಟ್ಟಿನ ಮೂಲೆಯ ತೂತಿಗೆ ಪಟ್ಟಿ ಅಂಟಿಸಿದೆ. ಅದು ಮುಚ್ಚಿದರೆ ರೆಕಾರ್ಡ್ ಆಗುತ್ತದೆ. ಎರಡನೇ ಮಗ್ಗುಲಿನಲ್ಲಿ ಮೂರು ಸಲ ಸೇವ್ ಮಾಡಿದೆ, ಒಂದು ಕೆಟ್ಟರೂ ಇನ್ನೊಂದು ಇರಲಿ ಅಂತ. ಮರುದಿನ ಬೆಳಿಗ್ಗೆ ಅಪ್ಪ ತೋಡಿ ಕೇಳಲು ಕೂತರೆ 'ಕೀಂಽಽ' ಅಂತ ಚೀರಾಟ. ಆಮೇಲೆ ಏನಾಯಿತು ಬರೆಯುವುದು ಬೇಡ.

ಈಗ ಅದನ್ನು ಹೊರಗೆ ತೆಗೆಯಬೇಕಿತ್ತು. ಕಂಪ್ಯೂಟರ್ ಆನ್ ಮಾಡುವ ಧೈರ್ಯ ಮಾಡಲಿಲ್ಲ. ಇಷ್ಟು ಹಳೆಯ ಅಡಾಪ್ಟರನ್ನು ಮೀಟರ್ ಇಟ್ಟು ನೋಡದೆ ಚುಚ್ಚಬಾರದು. ಬಿಚ್ಚಿದಾಗ ಕೀಗಳ ಕೆಳಗಿನ ತೆಳು ಪ್ಲಾಸ್ಟಿಕ್ ಪಟ್ಟಿ ಹಪ್ಪಳದಂತೆ ಮುರಿಯಿತು. ವಯಸ್ಸು, ಮತ್ತೇನು. ಟೇಪ್ ರೆಕಾರ್ಡರಿನ ಬೆಲ್ಟ್ ಕರಗಿ ಡಾಂಬರಾಗಿತ್ತು. ಸುಭಾಸ ರಸ್ತೆಯ ರಿಪೇರಿ ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಟೇಪ್ ಓದುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ವೈರು ಹಾಕಿ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿದೆ.

ಚೀರಾಟ ಮುಗಿಯಿತು. ಬಂದ್ ಮಾಡುವುದು ಮರೆತೆ. ತಾನಿನ ಅರ್ಧದಿಂದ ಜೋಶಿ ಎದ್ದರು. ಒಳಗಿಂದ ಅಪ್ಪ ಕೋಲು ಊರಿಕೊಂಡು ಬಂದರು.

"ಇದು ನಂದ ಕ್ಯಾಸೆಟ್ ಅಲ್ಲೇನೋ?"

"ಹೌದಪ್ಪಾ."

"ಇನ್ನೊಮ್ಮೆ ಹಚ್ಚು."

ಹೇಗೂ ಹಚ್ಚಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್‌ನಂತೆಯೇ ನಡೆಯುವ ಫ್ಯೂಸ್ ಎಂಬ ಎಮ್ಯುಲೇಟರಿಗೆ ಕೊಟ್ಟರೆ ಟೇಪ್ ಲೋಡಿಂಗ್ ಎರರ್. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಚೀರಾಟ ಅತಿ ಹರಿತವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಇದು ಕಿವಿಯ ಕೆಲಸ, ತಂಬೂರಿ ಶ್ರುತಿ ಮಾಡಿದ ಹಾಗೆ. ಮೂರನೇ ಪ್ರತಿ ಲೋಡ್ ಆಯಿತು. ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ, ಆಮೇಲೆ ನೀಲಿ-ಹಳದಿ. ಆಗ ನಮ್ಮದು ಬ್ಲ್ಯಾಕ್ ಅಂಡ್ ವೈಟ್ ಟಿವಿ. ನನ್ನ ಪ್ರೋಗ್ರಾಮಿನ ಬಣ್ಣ ನಾನು ನೋಡಿದ್ದು ಈಗಲೇ.

ಧಾರವಾಡ ಬಂತು, ಕೆಳಗೆ ಹುಬ್ಬಳ್ಳಿ. 'ಳ್ಳಿ'ಯ ಒತ್ತು ಒಂದು ಕಡೆ ಚೆಲ್ಲಾಪಿಲ್ಲಿ. ಟೇಪ್ ಕೆಟ್ಟಿದೆ ಅಂದುಕೊಂಡೆ. ಆದರೆ ಸ್ಪೆಕ್ಟ್ರಮ್ ಕೊನೆಗೆ ತಾಳೆ ನೋಡಲು ಒಂದು ಬೈಟ್ ಬರೆದಿರುತ್ತದೆ, ಓದುವಾಗ ಒಂದು ಚುಕ್ಕೆ ತಪ್ಪಿದರೂ ಲೋಡ್ ಆಗುವುದಿಲ್ಲ. ಪ್ರೋಗ್ರಾಮಿನಲ್ಲಿ ಆ ಸಂಖ್ಯೆಗಳನ್ನು ಬರೆದಿಟ್ಟ ಡೇಟಾ ಸಾಲು ತೆಗೆದು ನೋಡಿದೆ. 24 ಇರಬೇಕಾದಲ್ಲಿ 42 ಹೊಡೆದಿದ್ದೇನೆ, ಆಗಲೇ.

ಲ್ಯಾಪ್‌ಟಾಪಿನ ಪ್ರತಿಯಲ್ಲಿ ತಿದ್ದಿದೆ. ಕ್ಯಾಸೆಟ್ ಅಪ್ಪನ ಹತ್ತಿರ ಇದೆ. ಚೀರಾಟವನ್ನು ಮುಂದೆ ಓಡಿಸಿ, ತೋಡಿ ಸಿಕ್ಕಲ್ಲಿಂದ ಕೇಳುತ್ತಾರೆ.