ಬೋರ್ಡನ್ನು ಬಲಗಡೆಯಿಂದ ಓದಲು ಕಲಿತದ್ದು

ನಮ್ಮ ಸಾಫ್ಟ್‌ವೇರ್ ತಂಡ ಸ್ಕ್ರಮ್ (ಕೆಲಸವನ್ನು ಸಣ್ಣ ಅವಧಿಗಳಾಗಿ ಹಂಚಿಕೊಂಡು ಮಾಡುವ ಪದ್ಧತಿ) ಶುರುಮಾಡಿ ಎಂಟು ತಿಂಗಳಾಗಿತ್ತು. ತಂಡದಲ್ಲಿ ಏಳು ಜನ, ಸ್ಪ್ರಿಂಟ್ ಎಂಬ ಎರಡು ವಾರದ ಅವಧಿ, ದಿನವೂ ಬೆಳಿಗ್ಗೆ ಸ್ಟ್ಯಾಂಡಪ್ ಎಂಬ ಚಿಕ್ಕ ಸಭೆ, ಕೊನೆಗೆ ಹೇಗೆ ನಡೆಯಿತೆಂದು ಹಿಂದಿರುಗಿ ನೋಡುವ ಒಂದು ರೆಟ್ರೋ. ಶಾಸ್ತ್ರಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೂ ಪ್ರತಿ ಸಲ ಬೋರ್ಡ್ ಮೇಲಿನ ಅರ್ಧದಷ್ಟು ಕಾರ್ಡುಗಳು (ಒಂದು ಕಾರ್ಡೆಂದರೆ ಒಂದು ಕೆಲಸ) ಮುಗಿಯದೆ ಮುಂದಿನ ಸ್ಪ್ರಿಂಟ್‌ಗೆ ಗುಳೆ ಹೋಗುತ್ತಿದ್ದವು.

ಸ್ಕ್ರಮ್ ಮಾಸ್ಟರ್, ಅಂದರೆ ಈ ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವನು, ಆಗಿದ್ದ ನಾನು ಮೊದಲು ದೂರಿದ್ದು ಅಂದಾಜನ್ನು. ಕೆಲಸದ ಗಾತ್ರವನ್ನು ಸ್ಟೋರಿ ಪಾಯಿಂಟ್‌ಗಳಲ್ಲಿ ಅಳೆಯುತ್ತಿದ್ದೆವು; ಒಂದು ಕೆಲಸಕ್ಕೆ 5 ಪಾಯಿಂಟೋ 8 ಪಾಯಿಂಟೋ ಎಂದು ಗಂಟೆಗಟ್ಟಲೆ ಚರ್ಚೆ ಮಾಡಿಸಿದೆ. ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟ್ ಎಂಬ ಮಾತೇ ಇಲ್ಲವೆಂದು ಗೊತ್ತಾದದ್ದು ಆಮೇಲೆ. ಆ ಗಂಟೆಗಳನ್ನು ಯಾರೂ ವಾಪಸು ಕೊಡುವುದಿಲ್ಲ.

ನಿಜವಾದ ತೊಂದರೆ ಕಣ್ಣಿಗೆ ಬಿದ್ದದ್ದು ಒಂದು ಬೆಳಿಗ್ಗೆ. ಒಬ್ಬರು ತಮ್ಮ ಕೆಲಸದ ಬಗ್ಗೆ ಹೇಳುತ್ತಿದ್ದರು. ನಾನು ಲ್ಯಾಪ್‌ಟಾಪ್ ಕಡೆ ತಿರುಗಿದೆ. ಅವರು ಮಾತು ನಿಲ್ಲಿಸಿ, ನಾನು ತಲೆಯೆತ್ತುವವರೆಗೆ ಕಾದರು. ಅಲ್ಲಿಗೆ ತಿಳಿಯಿತು: ಇವರು ಒಬ್ಬರಿಗೊಬ್ಬರು ಮಾತನಾಡುತ್ತಿಲ್ಲ, ನನಗೆ ಹಾಜರಿ ಹಾಕುತ್ತಿದ್ದಾರೆ. ಅಂದೇ ಬೋರ್ಡ್ ಮೇಲಿನ ‘ನಡೆಯುತ್ತಿದೆ’ ಸಾಲಿನ ಕಾರ್ಡುಗಳನ್ನು ಎಣಿಸಿದೆ. ಏಳು ಜನಕ್ಕೆ ಹದಿನೇಳು. ಅವುಗಳಲ್ಲಿ ಆರಕ್ಕೆ ಕೋಡ್ ಬರೆದಾಗಿತ್ತು, ಟೆಸ್ಟಿಂಗ್ ಬಾಕಿ. ಟೆಸ್ಟ್ ಮಾಡುವವರು ಒಬ್ಬರೇ.

ಮರುದಿನದಿಂದ ಪ್ರತಿಯೊಬ್ಬರನ್ನೂ ‘ನಿನ್ನೆ ಏನು ಮಾಡಿದಿರಿ, ಇಂದು ಏನು ಮಾಡುತ್ತೀರಿ, ಅಡ್ಡಿ ಏನಿದೆ’ ಎಂದು ಕೇಳುವುದನ್ನು ಬಿಟ್ಟೆ. ಹೇಗಿದ್ದರೂ 2020ರ ಗೈಡ್ ಆ ಮೂರು ಪ್ರಶ್ನೆಗಳನ್ನು ಕೈಬಿಟ್ಟಿದೆ. ಬದಲಿಗೆ ಬೋರ್ಡನ್ನು ಬಲಗಡೆಯಿಂದ, ಅಂದರೆ ಮುಗಿಯುವುದಕ್ಕೆ ಅತಿ ಹತ್ತಿರವಿರುವ ಕಾರ್ಡಿನಿಂದ ಓದತೊಡಗಿದೆವು. ಕೇಳುವುದು ಒಂದೇ: ಇದನ್ನು ಇವತ್ತು ದಾಟಿಸಲು ಏನು ಬೇಕು? ಎಡಗಡೆಯ ಕಾರ್ಡುಗಳವರೆಗೆ ಮಾತು ಬಾರದ ದಿನಗಳೂ ಇದ್ದವು. ಹದಿನೈದು ನಿಮಿಷ ಮುಗಿದರೆ ಮುಗಿಯಿತು.

ಜೊತೆಗೆ ಮಿತಿ ಹಾಕಿದೆವು. ಕೋಡಿಂಗ್‌ನಲ್ಲಿ ನಾಲ್ಕು ಕಾರ್ಡು, ಟೆಸ್ಟಿಂಗ್‌ನಲ್ಲಿ ಮೂರು, ಅದಕ್ಕಿಂತ ಹೆಚ್ಚಿಲ್ಲ. ಇದು ಕಾನ್‌ಬಾನ್ ಎಂಬ ಇನ್ನೊಂದು ಕಾರ್ಯಪದ್ಧತಿಯಿಂದ ಕಡ ತಂದದ್ದು, ಸ್ಕ್ರಮ್ ಅದನ್ನು ಬೇಡವೆನ್ನುವುದಿಲ್ಲ. ಮೂರನೆಯ ದಿನವೇ ತಂಡದ ಹಿರಿಯ ಡೆವಲಪರ್ ಸಿಟ್ಟಾದರು. “ನನ್ನ ಕೆಲಸ ಮುಗಿದಿದೆ, ಹೊಸದನ್ನು ತೆಗೆದುಕೊಳ್ಳುವಂತಿಲ್ಲ. ಕೈಕಟ್ಟಿ ಕೂರಬೇಕೇನು?” ಉತ್ತರ ನನ್ನಲ್ಲೂ ಇರಲಿಲ್ಲ. ಟೆಸ್ಟಿಂಗ್ ಎಲ್ಲಿ ನಿಂತಿದೆ ನೋಡಿ ಬನ್ನಿ ಎಂದೆ, ಅಷ್ಟೇ.

ಅವರು ಹೋಗಿ ಟೆಸ್ಟರ್ ಪಕ್ಕದಲ್ಲಿ ಕುಳಿತರು. ಪ್ರತಿ ಕಾರ್ಡಿಗೂ ಆಕೆ ಹೊಸ ಗ್ರಾಹಕ ಖಾತೆಯೊಂದನ್ನು ಕೈಯಾರೆ ಸೃಷ್ಟಿಸಿ, ಅದಕ್ಕೆ ಹಳೆಯ ವಹಿವಾಟುಗಳನ್ನು ಒಂದೊಂದಾಗಿ ತುಂಬಬೇಕಿತ್ತು. ನಲವತ್ತು ನಿಮಿಷದ ಕೆಲಸ. ತಿಂಗಳುಗಳಿಂದ ಹಾಗೆಯೇ ನಡೆದಿತ್ತು. ಆಕೆ ದೂರಿರಲಿಲ್ಲ, ನಾವು ಕೇಳಿರಲಿಲ್ಲ. ಡೆವಲಪರ್ ಒಂದು ಮಧ್ಯಾಹ್ನದಲ್ಲಿ ಸ್ಕ್ರಿಪ್ಟ್ ಬರೆದುಕೊಟ್ಟರು. ನಲವತ್ತು ನಿಮಿಷದ್ದು ಒಂದು ಕ್ಲಿಕ್ಕಿಗೆ ಇಳಿಯಿತು. ನನ್ನ ಯಾವ ರೆಟ್ರೋದಲ್ಲೂ ಈ ವಿಷಯ ಬಂದಿರಲಿಲ್ಲವೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

‘ಮುಗಿದಿದೆ’ ಎಂದರೇನು ಎಂಬುದನ್ನೂ ಬರೆದು ಅಂಟಿಸಿದೆವು: ಇನ್ನೊಬ್ಬರು ಕೋಡ್ ನೋಡಿರಬೇಕು (ರಿವ್ಯೂ), ಟೆಸ್ಟ್ ಆಗಿರಬೇಕು, ಬಿಡುಗಡೆಗೆ ಸಿದ್ಧವಿರಬೇಕು. ‘ಶೇಕಡಾ 80 ಆಗಿದೆ’ ಎನ್ನುವ ಮಾತಿಗೆ ಬೋರ್ಡ್ ಮೇಲೆ ಜಾಗವಿಲ್ಲ.

ಎಲ್ಲವೂ ಸಲೀಸಾಗಲಿಲ್ಲ. ಮೇಲಿನಿಂದ ‘ತುರ್ತು’ ಕೆಲಸ ಬಂದಾಗಲೆಲ್ಲ ಮಿತಿ ಮುರಿಯುತ್ತಿತ್ತು. ಕೊನೆಗೆ ತುರ್ತಿಗೆಂದೇ ಒಂದು ಕಾರ್ಡಿನ ಜಾಗ ಬಿಟ್ಟೆವು. ಎರಡನೆಯ ತುರ್ತು ಬಂದರೆ ಮೊದಲನೆಯದು ಮುಗಿಯಬೇಕು, ಇಲ್ಲವೇ ಯಾವುದು ಕಾಯಬೇಕೆಂದು ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಎಂದು ನಿರ್ಧರಿಸುವವರು) ಹೇಳಬೇಕು. ಹಾಗೆ ಹೇಳಬೇಕಾಗಿ ಬಂದ ಮೇಲೆ ತುರ್ತುಗಳು ಕಡಿಮೆಯಾದವು.

ಈಗಲೂ ಒಂದೆರಡು ಕಾರ್ಡು ಮುಂದಿನ ಸ್ಪ್ರಿಂಟ್‌ಗೆ ದಾಟುತ್ತವೆ. ಹಾಗೆ ದಾಟಿದ್ದರ ಮೇಲೆ ಅದು ಎಲ್ಲಿ, ಎಷ್ಟು ದಿನ ಕಾಯಿತು ಎಂದು ಬರೆದಿಡುತ್ತೇವೆ. ಹೋದ ಸಲದ್ದರ ಮೇಲೆ ಇದ್ದದ್ದು: ‘ರಿವ್ಯೂಗೆ ನಾಲ್ಕು ದಿನ’. ರಿವ್ಯೂ ಮಾಡಬೇಕಿದ್ದವನು ನಾನು.