ಝೆಸ್ಟರ್ ಇಲ್ಲದೆ ಕಿತ್ತಳೆ ಸಿಪ್ಪೆಯ ಘಮ ತೆಗೆಯುವುದು

ಕ್ರಿಸ್ಮಸ್ ಹತ್ತಿರ ಬಂತೆಂದರೆ ಮಂಗಳೂರಿನಲ್ಲಿ ಕೇಕ್ ಮಾಡುವವರೆಲ್ಲ ಕಿತ್ತಳೆ ಹುಡುಕುತ್ತಾರೆ. ರೆಸಿಪಿಯಲ್ಲಿ ‘ಒಂದು ಕಿತ್ತಳೆಯ ಝೆಸ್ಟ್’ ಅಂತ ಇರುತ್ತದೆ. ಸಿಪ್ಪೆಯ ಮೇಲಿನ ಬಣ್ಣದ ಪದರದ ತುರಿ ಅದು. ಅದಕ್ಕೆಂದೇ ಸಿಗುವ ಝೆಸ್ಟರ್ ನನ್ನ ಅಡುಗೆಮನೆಯಲ್ಲಿ ಇಲ್ಲ. ಬೇಕು ಅಂತ ಅನ್ನಿಸಿದ್ದೂ ಇಲ್ಲ. ಶುಂಠಿ ತುರಿಯುವ ಸ್ಟೀಲ್ ತುರಿಮಣೆ, ಹರಿತವಾದ ಚೂರಿ, ಒಂದು ಸ್ಟೀಲ್ ಚಮಚ, ಇಷ್ಟರಲ್ಲೇ ಕೆಲಸ ಆಗುತ್ತದೆ. ಈಗ ಎಲ್ಲರೂ ಹೊಗಳುವ ಮೈಕ್ರೋಪ್ಲೇನ್ ಎಂಬ ಸಣ್ಣ ಹಲ್ಲಿನ ತುರಿಮಣೆ ಕೂಡ ಮೊದಲು ಮರ ಉಜ್ಜಲು ಮಾಡಿದ ಅರ. 1990ರ ದಶಕದಲ್ಲಿ ಕೆನಡಾದಲ್ಲಿ ಒಬ್ಬರು ಅದರಲ್ಲಿ ಕಿತ್ತಳೆ ತುರಿದ ಮೇಲೆಯೇ ಅದು ಅಡುಗೆಮನೆಗೆ ಬಂತು.

ಸಿಪ್ಪೆಯನ್ನು ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು, ಘಮ ಇರುವುದು ಅಲ್ಲೇ. ಆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿಮೊನೀನ್ ಎಂಬ, ಬೇಗ ಹತ್ತಿಕೊಳ್ಳುವ ರಾಸಾಯನಿಕ. ದೀಪದ ಮುಂದೆ ಸಿಪ್ಪೆ ಹಿಂಡಿದರೆ ಚಟಪಟ ಕಿಡಿ ಹಾರುವುದು ಅದರಿಂದಲೇ. ಚಿಕ್ಕವರಿದ್ದಾಗ ಎಲ್ಲರೂ ಆಡಿದ ಆಟ ಅಲ್ವಾ? ಬಣ್ಣದ ಪದರದ ಕೆಳಗಿನ ಬಿಳಿ ಭಾಗ ಕಹಿ. ಅದು ಕೇಕಿಗೆ ಸೇರಬಾರದು. ಕೈ ಎಲ್ಲಿ ನಿಲ್ಲಬೇಕು ಅಂತ ಗೊತ್ತಾದರೆ ಉಳಿದದ್ದು ಸುಲಭ.

ಮೊದಲು ತೊಳೆಯುವುದು. ದೊಡ್ಡ ಅಂಗಡಿಗಳ ವಿದೇಶಿ ಕಿತ್ತಳೆಗೆ ಹೆಚ್ಚಾಗಿ ಮೇಣ ಹಚ್ಚಿರುತ್ತಾರೆ. ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಹಣ್ಣು ಒದ್ದೆ ಇದ್ದರೆ ತುರಿ ಮುದ್ದೆಯಾಗಿ ತೂತುಗಳಲ್ಲೇ ಕೂರುತ್ತದೆ. ಹಣ್ಣನ್ನು ಕತ್ತರಿಸುವ ಮೊದಲೇ ತುರಿಯಬೇಕು. ರಸ ಹಿಂಡಿದ ಮೇಲೆ ಹಿಡಿತ ಸಿಗುವುದಿಲ್ಲ.

ನಮ್ಮ ಊರಿನಲ್ಲಿ ನಿಜವಾದ ತೊಂದರೆ ಬೇರೆ. ಹೊರಗಿನ ರೆಸಿಪಿಗಳಲ್ಲಿ ಹೇಳುವುದು ಸಿಪ್ಪೆ ಬಿಗಿಯಾಗಿ ಅಂಟಿರುವ ಕಿತ್ತಳೆ. ನಮಗೆ ಸಿಗುವ ಕೊಡಗಿನದ್ದು, ನಾಗಪುರದ್ದು ಎರಡೂ ಸಿಪ್ಪೆ ಸಡಿಲ ಇರುವ ಜಾತಿ. ತುರಿಮಣೆಗೆ ಒತ್ತಿದ ಕೂಡಲೇ ಸಿಪ್ಪೆ ಒಳಗೆ ಕುಸಿಯುತ್ತದೆ, ಹರಿಯುತ್ತದೆ, ಬಿಳಿ ಭಾಗವೂ ಬರುತ್ತದೆ. ಹಾಗಾಗಿ ಈ ಹಣ್ಣನ್ನು ನಾನು ತುರಿಯುವುದೇ ಇಲ್ಲ. ಸಿಪ್ಪೆಯನ್ನು ದೊಡ್ಡ ತುಂಡುಗಳಾಗಿ ಬಿಡಿಸುತ್ತೇನೆ. ಒಳಭಾಗ ಮೇಲೆ ಬರುವಂತೆ ಮಣೆಯ ಮೇಲೆ ಚಪ್ಪಟೆಯಾಗಿ ಇಡುತ್ತೇನೆ. ಬೆರಳಿನಿಂದ ಒಂದು ತುದಿ ಒತ್ತಿ ಹಿಡಿದು, ಚಮಚದ ಅಂಚಿನಿಂದ ಬಿಳಿಯನ್ನು ಹೆರೆಯುತ್ತೇನೆ. ಎಳನೀರಿನ ಗಂಜಿ ತೆಗೆಯುವ ಹಾಗೆಯೇ ಕೈ ಓಡಬೇಕು, ಜಾಸ್ತಿ ಬಲ ಬೇಡ. ಒಳಗಿನಿಂದಲೇ ಎಣ್ಣೆಯ ಚುಕ್ಕಿಗಳು ಕಾಣತೊಡಗಿದರೆ ಸಾಕು, ನಿಲ್ಲಿಸಿ. ಆಮೇಲೆ ಚೂರಿಯಲ್ಲಿ ನೂಲಿನಷ್ಟು ಸಪೂರ ಸೀಳಿ, ಅಡ್ಡಡ್ಡ ಕೊಚ್ಚಬೇಕು. ಸಿಪ್ಪೆ ತೀರಾ ಮೆತ್ತಗಿದ್ದರೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಹೆರೆಯಲು ಹದವಾಗುತ್ತದೆ.

ನಿಂಬೆ, ಗಜನಿಂಬೆ, ಮೂಸಂಬಿಗೆ ತುರಿಮಣೆಯೇ ಸರಿ. ಅತಿ ಸಣ್ಣ ತೂತುಗಳ ಬದಿಯಲ್ಲಿ ಒಂದೇ ದಿಕ್ಕಿಗೆ ಎಳೆಯಿರಿ, ಹಣ್ಣನ್ನು ತಿರುಗಿಸಿ, ಮತ್ತೆ ಎಳೆಯಿರಿ. ಒಂದೇ ಜಾಗಕ್ಕೆ ಎರಡು ಸಲ ಹೋಗಬೇಡಿ. ಸಣ್ಣ ನಿಂಬೆಯ ಸಿಪ್ಪೆ ಬಹಳ ತೆಳು, ಅಲ್ಲಿ ಇನ್ನೂ ಜಾಗ್ರತೆ ಬೇಕು. ಗಜನಿಂಬೆಯ ಸಿಪ್ಪೆ ದಪ್ಪ ಇರುವುದರಿಂದ ಹೊಸಬರಿಗೆ ಒಳ್ಳೆಯದು. ಅದರ ಒಂದು ಚಿಟಿಕೆ ತುರಿಯನ್ನು ಚಿತ್ರಾನ್ನ ಒಲೆಯಿಂದ ಇಳಿಸಿದ ಮೇಲೆ ಕಲಸಿ ನೋಡಿ. ಬರೀ ರಸ ಹಿಂಡಿದರೆ ಆ ಪರಿಮಳ ಬರುವುದಿಲ್ಲ. ತೆಂಗಿನಕಾಯಿ ತುರಿಯುವ ಮಣೆ ಮಾತ್ರ ಇದಕ್ಕೆ ಬೇಡ. ಅದರ ಹಲ್ಲು ದೊಡ್ಡದು, ನೇರ ಬಿಳಿ ಭಾಗಕ್ಕೇ ಇಳಿಯುತ್ತದೆ.

ತುರಿದ ಮೇಲೆ ತುರಿಮಣೆಯಲ್ಲಿ ಅಂಟಿಕೊಂಡಿರುವುದೇ ಎಣ್ಣೆ ಜಾಸ್ತಿ ಇರುವ ಭಾಗ. ಅದನ್ನು ನೀರಿನಲ್ಲಿ ತೊಳೆದು ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ. ಪಕ್ಕದ ಮನೆಯ ಬಾಯಮ್ಮ ಹೇಳಿಕೊಟ್ಟ ಉಪಾಯ ಒಂದಿದೆ: ಒಂದು ಹಿಡಿ ಸಕ್ಕರೆ ಹಾಕಿ ತುರಿಮಣೆಯನ್ನು ಉಜ್ಜುವುದು. ಸಕ್ಕರೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ. “ಈ ಸಕ್ಕರೆಯನ್ನೇ ಕೇಕಿಗೆ ಹಾಕು ಮಗಾ” ಅಂದಿದ್ದರು. ಅವತ್ತಿನಿಂದ ಕೇಕಿಗೆ ಅಳೆದ ಸಕ್ಕರೆಗೆ ಮೊದಲು ತುರಿ ಸೇರಿಸಿ, ಬೆರಳಿನಲ್ಲಿ ಚೆನ್ನಾಗಿ ತಿಕ್ಕುತ್ತೇನೆ. ಸಕ್ಕರೆಯ ಹರಳು ಎಣ್ಣೆಯ ಚೀಲಗಳನ್ನು ಒಡೆಯುತ್ತದೆ. ಸಕ್ಕರೆ ಒದ್ದೆ ಮರಳಿನಂತಾಗಿ, ಬಣ್ಣ ಬಂದು, ಮನೆಯೆಲ್ಲ ಘಮ್ಮೆನ್ನುತ್ತದೆ. ಆಮೇಲೆ ಬೆಣ್ಣೆ. ಈ ಎಣ್ಣೆ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಬೆಣ್ಣೆಯ ಜೊತೆ ಕಡೆದರೆ ಪರಿಮಳ ಇಡೀ ಕೇಕಿಗೆ ಹರಡುತ್ತದೆ. ಕೊಚ್ಚಲು ಪುರುಸೊತ್ತಿಲ್ಲದವರು ಹೆರೆದ ಸಿಪ್ಪೆಯನ್ನು ಸಕ್ಕರೆ ಜೊತೆ ಮಿಕ್ಸಿಯ ಒಣ ಚಟ್ನಿ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಬಹುದು.

ಒಣಗಿಸಿಡುವ ಆಸೆ ನಮ್ಮ ಕರಾವಳಿಯಲ್ಲಿ ಬೇಡ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಬಿಸಿಲಿಗಿಟ್ಟರೆ ಘಮವೇ ಹಾರಿಹೋಗುತ್ತದೆ. ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಬೇಕಾದಾಗ ಚಮಚದಲ್ಲಿ ಕೆರೆದು ತೆಗೆಯಬಹುದು.

ಬಿಳಿ ಹೆರೆಯುವ ತಾಳ್ಮೆ ಇಲ್ಲದ ದಿನ ನಾನು ಗೊಜ್ಜು ಮಾಡುತ್ತೇನೆ. ಅದಕ್ಕೆ ಬಿಳಿ ಭಾಗವೂ ಇರಲಿ, ಕಹಿಯೂ ಬೇಕು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಹುಣಸೆ ರಸ, ಹಸಿಮೆಣಸು, ಉಪ್ಪು, ಧಾರಾಳವಾಗಿ ಬೆಲ್ಲ ಹಾಕಿ ಮಂದವಾಗುವವರೆಗೆ ಕುದಿಸಬೇಕು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಮಾಡಿದ ದಿನಕ್ಕಿಂತ ಮಾರನೇ ದಿನ, ಕುಚ್ಚಲಕ್ಕಿ ಗಂಜಿಯ ಜೊತೆ ಅದರ ರುಚಿ ಹೆಚ್ಚು.