ಚಿಯು ಜು ಬಾಯಿಗೆ ಹಾವೇರಿ ಮಾತು

‘ಹಳ್ಳಿ ಮಾತಿನಲ್ಲಿ ಸಬ್‌ಟೈಟಲ್ ಹಾಕಿದರೆ ಓದೋರ್ಯಾರು?’ ಅಂತ ನಮ್ಮ ಚಿತ್ರಸಮಾಜದ ಹಿರಿಯರೇ ನಕ್ಕಿದ್ದರು. ಹೋದ ತಿಂಗಳು ಬ್ಯಾಡಗಿ ಕಡೆಯ ಒಂದು ಹಳ್ಳಿಯಲ್ಲಿ ಹತ್ತಿರ ಹತ್ತಿರ 120 ಜನ ಕೊನೆತನಕ ಏಳದೆ ಕೂತು ನೋಡಿದರು. ಆ ಹಿರಿಯರೂ ಬಂದಿದ್ದರು, ಬಾಯಿ ಬಿಡಲಿಲ್ಲ.

ಸಿನಿಮಾ ಚೀನಾದ ನಿರ್ದೇಶಕ ಜಾಂಗ್ ಯಿಮೌ ಅವರ ‘ದಿ ಸ್ಟೋರಿ ಆಫ್ ಚಿಯು ಜು’, 1992ರದು, ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಗೆದ್ದದ್ದು. ಊರ ಮುಖಂಡ ಗಂಡನಿಗೆ ಒದೆಯಬಾರದ ಜಾಗಕ್ಕೆ ಒದ್ದಿದ್ದಾನೆ. ಬಸುರಿ ಚಿಯು ಜು ಮೆಣಸಿನಕಾಯಿ ಮಾರಿ, ದಾರಿಖರ್ಚು ಹೊಂದಿಸಿಕೊಂಡು ಕಚೇರಿ ಕಚೇರಿ ಅಲೆಯುತ್ತಾಳೆ. ಆ ಮನೆಗಳ ಮುಂದೆ ತೂಗುವ ಕೆಂಪು ಮೆಣಸಿನಕಾಯಿ ಕಂಡಾಗಲೇ ಇದನ್ನು ಎಲ್ಲಿ ತೋರಿಸಬೇಕೆಂದು ಗಟ್ಟಿ ಮಾಡಿಕೊಂಡೆ.

ಮೊದಲ ಸಲ ಸಬ್‌ಟೈಟಲ್ಲಿನ ಎಸ್‌ಆರ್‌ಟಿ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಇಟ್ಟು ಪ್ರೊಜೆಕ್ಟರ್‌ಗೆ ಚುಚ್ಚಿದೆ. ಒತ್ತಕ್ಷರವೆಲ್ಲ ಉದುರಿ ‘ತಪ್ಪಾತು’ ಹೋಗಿ ‘ತಪ್‌ಪಾತು’ ಆಯಿತು. ಶಾಮಿಯಾನ, ಸೌಂಡು, ಬಾಡಿಗೆ ಸೇರಿ 9,000 ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು. ಈಗ ಅಕ್ಷರವನ್ನು ವಿಡಿಯೊದೊಳಗೇ ಕೂರಿಸಿಬಿಡುತ್ತೇನೆ.

ಎರಡನೇ ತಪ್ಪು ನನ್ನ ಉತ್ಸಾಹದ್ದು. ಆಡಿದಂತೆಯೇ ಬರೆದೆ. ಎರಡು ಸೆಕೆಂಡಿನಲ್ಲಿ ‘ಹೊಂಟಾಳಂತಲ್ಲಪಾ’ ಓದಿ ಮುಗಿಸುವಷ್ಟರಲ್ಲಿ ಅವಳು ಜಿಲ್ಲಾ ಕಚೇರಿಗೇ ಹೋಗಿಬಿಟ್ಟಿರುತ್ತಿದ್ದಳು. ಕೊನೆಗೆ ನಾಮಪದ ಎಲ್ಲರಿಗೂ ಕಣ್ಣಿಗೆ ರೂಢಿಯಾದದ್ದು, ಕ್ರಿಯಾಪದದ ಬಾಲ ಮತ್ತು ಕರೆಯುವ ಮಾತು ಮಾತ್ರ ನಮ್ಮ ಕಡೆಯದ್ದು ಎಂದು ಇಟ್ಟುಕೊಂಡೆ. ಮುಖಂಡನನ್ನು ಮೊದಲು ‘ಗೌಡ್ರ’ ಅಂದಿದ್ದೆ. ಜಮೀನ್ದಾರಿಕೆಯ ವಾಸನೆ ಬಂತು. ‘ಚೇರ್ಮನ್ರ’ ಸರಿಹೋಯಿತು.

ನಿಜವಾಗಿ ಬೆವರಿಳಿಸಿದ್ದು ‘ಷುಓಫಾ’ ಎಂಬ ಒಂದು ಚೀನಿ ಪದ. ಅವಳು ಇಡೀ ಸಿನಿಮಾ ಕೇಳುವುದು ಅದನ್ನೇ. ಮುಖಂಡ 200 ಯುವಾನ್‌ನ ನೋಟುಗಳನ್ನು ನೆಲಕ್ಕೆ ಚೆಲ್ಲಿ, ಬಗ್ಗಿ ಎತ್ತಿಕೊಂಡಷ್ಟು ಸಲ ನನಗೆ ತಲೆಬಾಗಿದಂತೆ ಅನ್ನುತ್ತಾನೆ. ಅವಳು ಬಗ್ಗುವುದಿಲ್ಲ. ‘ನ್ಯಾಯ’ ಹಾಕಿದೆ, ವಕೀಲಳಾದಳು. ‘ಕ್ಷಮೆ’ ಹಾಕಿದೆ, ಧಾರಾವಾಹಿಯಾಯಿತು. ಶಿಯಾಮೆನ್‌ನಲ್ಲಿ ಗ್ರಾನೈಟ್ ವ್ಯವಹಾರ ಮಾಡಿ ಬಂದ ಗೆಳೆಯ (ಸಿನಿಮಾದಲ್ಲಿರುವ ಸೀಮೆಯ ಮಾತಿಗೆ ಅವನ ಚೀನಿಯೂ ಅರ್ಧಕ್ಕೇ ನಿಂತಿತ್ತು) ಪದ ಒಡೆದು ತೋರಿಸಿದ: ‘ಷುಓ’ ಅಂದರೆ ಹೇಳು. ಅಲ್ಲಿಗೆ ಸಿಕ್ಕಿತು. ‘ಒಂದ್ ಮಾತ್ ಅನ್ಲಿ, ಸಾಕ್ರಿ.’ ಮುಂದಿನ ಸಾಲಿನ ಹೆಂಗಸೊಬ್ಬಳು ‘ಹೌದಲ್ಲ ಮತ್ತ, ಒಂದ್ ಮಾತಿಗೇನ್ ರೊಕ್ಕ ಬೀಳ್ತದೇನು?’ ಅಂದಳು, ಪರದೆಗೇ.

ಬೈಗುಳಕ್ಕೆ ನನ್ನದೊಂದು ಯುಕ್ತಿ ಇದೆ, ಇಲ್ಲಿ ಬಿಚ್ಚುವುದಿಲ್ಲ. ಬರೀ ಹೆಣ್ಣುಮಕ್ಕಳಿರುವ ಮುಖಂಡನನ್ನು ‘ಹ್ಯಾಂಟಿ ಸಾಕವ’ (ಹೆಣ್ಣುಕೋಳಿ ಸಾಕುವವ) ಎಂದು ಹಂಗಿಸುವ ಮಾತಿಗೆ ಯುಕ್ತಿಯೇ ಬೇಕಾಗಲಿಲ್ಲ.

ನಡುವೆ ಚೀನಾದವರೇ ಆದ ನಿರ್ದೇಶಕ ಜಿಯಾ ಝಾಂಗ್‌ಕೆ ಅವರ 2006ರ ‘ಸ್ಟಿಲ್ ಲೈಫ್’ ಮೇಲೂ ಕೈ ಹಾಕಿದೆ. ಹೆಂಡತಿಯನ್ನು ಹುಡುಕಿಕೊಂಡು ಬಂದ ಗಣಿ ಕಾರ್ಮಿಕನಿಗೆ ಹಾವೇರಿ ಮಾತು, ಅಣೆಕಟ್ಟಿಗೆ ಮುಳುಗುತ್ತಿರುವ ಫೆಂಗ್‌ಜಿಯೆ ಊರಿನವರಿಗೆ ಕುಂದಾಪ್ರ ಕನ್ನಡ. ನಗಬಾರದಲ್ಲೆಲ್ಲ ನಕ್ಕರು. ಕಿತ್ತು ಹಾಕಿದೆ. ಆದರೆ 10 ಯುವಾನ್ ನೋಟಿನ ಹಿಂದಿರುವ ಕಣಿವೆಯ ಚಿತ್ರ ತೋರಿಸಿ ಊರಿನ ಗುರುತು ಹೇಳಿಕೊಳ್ಳುವಾಗ ಎಲ್ಲರೂ ಸುಮ್ಮನಾದರು. ಒಬ್ಬ ಹುಡುಗ ಜೇಬಿನಿಂದ 50ರ ನೋಟು ತೆಗೆದು ಹಿಂದೆ ತಿರುಗಿಸಿ ಹಂಪಿಯ ರಥ ನೋಡಿದ.

‘ಚಿಯು ಜು’ ಸಿನಿಮಾದ ಕೊನೆಯಲ್ಲಿ, ಮುಖಂಡನನ್ನು ಪೊಲೀಸರು ಒಯ್ದ ಮೇಲೆ, ಅವಳು ಓಡಿಬಂದು ರಸ್ತೆಯಲ್ಲಿ ನಿಲ್ಲುತ್ತಾಳಲ್ಲ, ಅಲ್ಲಿ ನಾನು ಒಂದಕ್ಷರವನ್ನೂ ಹಾಕಿಲ್ಲ. ಹಿಂದಿನಿಂದ ಅಜ್ಜನೊಬ್ಬ ‘ಆಕಿ ಇದನ್ನ ಎಲ್ಲಿ ಕೇಳಿದ್ಲೋ ತಮ್ಮಾ?’ ಅಂದ. ಡಬ್ಬಿಯಲ್ಲಿ 3,400ರಷ್ಟು ಬಿದ್ದಿತ್ತು. ಶಾಮಿಯಾನದವನಿಗೆ ಇನ್ನೂ 600 ಬಾಕಿ.